ಸೈಟ್ ‘ಸುರಕ್ಷಿತವಲ್ಲ’ ಅಂದಾಗ: ವೆಬ್ ಸರ್ವರ್‌ನ ಕೀ, ಸರ್ಟಿಫಿಕೇಟ್ ದೋಷ ಹುಡುಕುವುದು ಹೇಗೆ

ಮಳೆಗಾಲ ಶುರುವಾದರೆ ಮಲೆನಾಡಿನಲ್ಲಿ ಸರ್ಟಿಫಿಕೇಟ್ (ಸೈಟ್ ನಿಜವಾದದ್ದು ಅಂತ ಬ್ರೌಸರಿಗೆ ತೋರಿಸುವ ಡಿಜಿಟಲ್ ಪತ್ರ) ದೂರುಗಳೂ ಜಾಸ್ತಿ. ಮಳೆಗೂ ಇದಕ್ಕೂ ಏನು ಸಂಬಂಧ ಅನ್ನಿಸಬಹುದು. ಮರ ಬಿದ್ದು ಲೈನ್ ಕಟ್ಟಾಗುತ್ತದೆ, ಕರೆಂಟ್ ಹೋಗುತ್ತದೆ, ಯುಪಿಎಸ್ ತಾನೇ ಎಷ್ಟು ಹೊತ್ತು ತಡೆದೀತು, ಸರ್ವರ್ ಆಫ್. ಕರೆಂಟ್ ಬಂದು ಸರ್ವರ್ ಮತ್ತೆ ಎದ್ದಾಗ, ತಿಂಗಳುಗಟ್ಟಲೆ ಒಳಗೇ ಇದ್ದ ದೋಷಗಳು ಒಟ್ಟಿಗೆ ಹೊರಗೆ ಬರುತ್ತವೆ. ಗಡಿಯಾರ ಹಿಂದೆ ಹೋಗಿರುತ್ತದೆ. ರೂಟರ್‌ಗೆ ಬೇರೆ ಐಪಿ ಸಿಕ್ಕಿರುತ್ತದೆ. ಕೀ ಫೈಲ್ (ಸರ್ಟಿಫಿಕೇಟಿಗೆ ಜೋಡಿಯಾದ ಗುಟ್ಟಿನ ಫೈಲ್) ಪಾಸ್‌ವರ್ಡ್ ಕೇಳುತ್ತಾ ಇರುತ್ತದೆ, ಕೊಡುವವರು ಯಾರೂ ಅಲ್ಲಿರುವುದಿಲ್ಲ.

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆ ಹೋಂಸ್ಟೇ, ಸಹಕಾರ ಸಂಘ, ಶಾಲೆ ಇಂಥವುಗಳ ಸಣ್ಣ ಸರ್ವರ್ ನೋಡಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆಫೀಸಿನ ಮೂಲೆಯಲ್ಲಿಟ್ಟ ಒಂದು ಡಬ್ಬ ಆಗಿರಬಹುದು, ಬಾಡಿಗೆಯ ಕ್ಲೌಡ್ ಮಷಿನ್ ಆಗಿರಬಹುದು. ಎಂಜಿನ್‌ಎಕ್ಸ್ ಅಥವಾ ಅಪಾಚೆ ಅನ್ನುವ ವೆಬ್ ಸರ್ವರ್ ಪ್ರೋಗ್ರಾಂ, ಜೊತೆಗೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುವ ಸರ್ಟಿಫಿಕೇಟ್, ಅದನ್ನು ನವೀಕರಿಸಲು ಸರ್ಟ್‌ಬಾಟ್ ಇದೆ ಅಂದುಕೊಳ್ಳೋಣ. ಕಮಾಂಡ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ ಮಾಡಿಕೊಳ್ಳಿ.

ದೋಷ ಬಂದಾಗ ಎಲ್ಲರೂ ಮೊದಲು ಮಾಡುವ ಕೆಲಸ ಅಂದರೆ ಸರ್ಟ್‌ಬಾಟನ್ನು ಮತ್ತೆ ಮತ್ತೆ ಓಡಿಸುವುದು. ದಯವಿಟ್ಟು ಬೇಡ. ಒಂದೇ ಹೆಸರಿಗೆ ಗಂಟೆಯೊಳಗೆ 5 ಸಲ ಪರಿಶೀಲನೆ ವಿಫಲವಾದರೆ ಲೆಟ್ಸ್ ಎನ್‌ಕ್ರಿಪ್ಟ್ ಸ್ವಲ್ಪ ಹೊತ್ತು ತಡೆಯುತ್ತದೆ. ಒಂದೇ ಹೆಸರುಗಳ ಗುಂಪಿಗೆ 7 ದಿನದಲ್ಲಿ 5 ಸರ್ಟಿಫಿಕೇಟ್ ತೆಗೆದರೆ ಆರನೆಯದು ಸಿಗುವುದಿಲ್ಲ. ಸರ್ಟಿಫಿಕೇಟ್ ಚೆನ್ನಾಗೇ ಇದ್ದು, ಅದನ್ನು ಸರ್ವರ್ ಓದುತ್ತಿಲ್ಲ ಅನ್ನುವುದಷ್ಟೇ ತೊಂದರೆಯಾಗಿದ್ದರೆ, ಇರುವ ಐದನ್ನೂ ಸುಮ್ನೆ ಕಳೆದುಕೊಂಡ ಹಾಗಾಯಿತು. ಪ್ರಯೋಗ ಮಾಡಲೇಬೇಕು ಅಂದರೆ ‘ಡ್ರೈ-ರನ್’ ಆಯ್ಕೆ ಇದೆ. ಅದು ಪರೀಕ್ಷೆಗೆಂದೇ ಇಟ್ಟಿರುವ ಬೇರೆ ಸರ್ವರಿಗೆ ಹೋಗುತ್ತದೆ, ನಿಜವಾದ ಲೆಕ್ಕಕ್ಕೆ ಸೇರುವುದಿಲ್ಲ.

ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿ. ಡಿಸ್ಕಿನ ಮೇಲೆ ಇರುವ ಸರ್ಟಿಫಿಕೇಟ್ ಒಂದು. ಸರ್ವರ್ ಈ ಕ್ಷಣ ಹೊರಗಿನವರಿಗೆ ಕೊಡುತ್ತಿರುವ ಸರ್ಟಿಫಿಕೇಟ್ ಇನ್ನೊಂದು. ನೋಡುವವರ ಫೋನ್ ಅಥವಾ ಕಂಪ್ಯೂಟರ್ ಯಾವುದನ್ನು ಒಪ್ಪುತ್ತದೆ ಅನ್ನುವುದು ಮೂರನೆಯದು. ಈ ಮೂರೂ ಒಂದೇ ಅಂದುಕೊಂಡು ಹುಡುಕಿದರೆ ಇಡೀ ದಿನ ಹೋಗುತ್ತದೆ. ಯಾವ ಎರಡರ ನಡುವೆ ವ್ಯತ್ಯಾಸ ಇದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಹೊರಗಿಂದ ನೋಡಿ

ಸರ್ವರ್ ಇರುವ ಆಫೀಸಿನ ವೈಫೈಯಲ್ಲೇ ಕೂತು ಪರೀಕ್ಷೆ ಮಾಡಬೇಡಿ. ಮೊಬೈಲ್ ಡೇಟಾ ಆನ್ ಮಾಡಿ, ಅದರ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸಿ ನೋಡಿ. ಕಾರಣ ಇದೆ. ಒಳಗಿನಿಂದ ನಿಮ್ಮ ಡೊಮೇನ್ ತೆರೆದರೆ ಕೆಲವು ರೂಟರ್‌ಗಳು ಆ ಕೋರಿಕೆಯನ್ನು ಸರ್ವರಿಗೆ ಕಳಿಸದೆ ತಮ್ಮದೇ ಅಡ್ಮಿನ್ ಪುಟವನ್ನು ತೋರಿಸುತ್ತವೆ. ಆಗ ಬ್ರೌಸರಿಗೆ ಕಾಣುವುದು ರೂಟರ್ ತಾನೇ ಮಾಡಿಕೊಂಡ ಸರ್ಟಿಫಿಕೇಟ್. ‘ಹೆಸರು ಹೊಂದುತ್ತಿಲ್ಲ’ ಅಂತ ಕೆಂಪು ಪುಟ ಬರುತ್ತದೆ. ಹೊರಗಿನವರಿಗೆ ಸೈಟ್ ಸರಿಯಾಗೇ ಇರುತ್ತದೆ, ಆಫೀಸಿನವರು ಮಾತ್ರ ಗಾಬರಿ ಬಿದ್ದಿರುತ್ತಾರೆ.

ಹೊರಗಿನಿಂದ ನೋಡಲು ನಾನು ಯಾವಾಗಲೂ ಬಳಸುವುದು ಓಪನ್‌ಎಸ್‌ಎಸ್‌ಎಲ್ ಅನ್ನುವ ಕಮಾಂಡಿನ ‘ಎಸ್ ಅಂಡರ್‌ಸ್ಕೋರ್ ಕ್ಲೈಂಟ್’. ‘ಕನೆಕ್ಟ್’ ಆಯ್ಕೆಗೆ ಡೊಮೇನ್ ಮತ್ತು ಎಚ್‌ಟಿಟಿಪಿಎಸ್‌ನ 443 ಪೋರ್ಟ್ ಕೊಡಿ, ‘ಸರ್ವರ್‌ನೇಮ್’ ಆಯ್ಕೆಗೆ ಅದೇ ಡೊಮೇನ್ ಇನ್ನೊಮ್ಮೆ ಕೊಡಿ. ಎರಡನೆಯದನ್ನು ಮರೆಯಬೇಡಿ. ಒಂದೇ ಐಪಿಯಲ್ಲಿ ನಾಲ್ಕೈದು ಸೈಟ್ ಇದ್ದಾಗ ಯಾವ ಹೆಸರಿಗೆ ಬಂದಿದ್ದೀರಿ ಅಂತ ಸರ್ವರಿಗೆ ತಿಳಿಯುವುದು ಅದರಿಂದಲೇ. ಐಪಿ ಕೊಟ್ಟು ಪರೀಕ್ಷಿಸುವಾಗಲೋ ಹಳೆಯ ಓಪನ್‌ಎಸ್‌ಎಸ್‌ಎಲ್‌ನಲ್ಲೋ ಅದನ್ನು ಬಿಟ್ಟರೆ ಸರ್ವರ್ ತನ್ನ ಡೀಫಾಲ್ಟ್ ಸೈಟಿನ ಸರ್ಟಿಫಿಕೇಟ್ ಕೊಡುತ್ತದೆ. ನೀವು ಇಲ್ಲದ ದೋಷದ ಹಿಂದೆ ಹೋಗುತ್ತೀರಿ.

ಬರುವ ಉತ್ತರದಲ್ಲಿ ‘ಸರ್ಟಿಫಿಕೇಟ್ ಚೈನ್’ ಅನ್ನುವ ಭಾಗ ಹುಡುಕಿ. ಅಲ್ಲಿ 0, 1 ಅಂತ ಸಂಖ್ಯೆ ಇರುತ್ತದೆ. ಪ್ರತಿಯೊಂದರ ಕೆಳಗೆ ಎರಡು ಸಾಲು. ‘ಎಸ್’ ಅಂದರೆ ಈ ಸರ್ಟಿಫಿಕೇಟ್ ಯಾರದ್ದು, ‘ಐ’ ಅಂದರೆ ಕೊಟ್ಟವರು ಯಾರು. 0ರ ‘ಎಸ್’ ಸಾಲಿನಲ್ಲಿ ಸಾಮಾನ್ಯವಾಗಿ ನಿಮ್ಮ ಡೊಮೇನ್ ಕಾಣುತ್ತದೆ. ಸರ್ವರಿನ ಸರ್ಟಿಫಿಕೇಟ್ ಅದೇ. 0ರ ‘ಐ’ ಸಾಲಿನಲ್ಲಿ ಇರುವ ಹೆಸರೇ 1ರ ‘ಎಸ್’ ಸಾಲಿನಲ್ಲಿ ಇರಬೇಕು. 0 ಮಾತ್ರ ಇದ್ದು 1 ಇಲ್ಲದಿದ್ದರೆ ದೋಷ ಸಿಕ್ಕಿತು ಅಂತಲೇ ಲೆಕ್ಕ. ಕೆಳಗೆ ಹೋದರೆ ‘ವೆರಿಫೈ ರಿಟರ್ನ್ ಕೋಡ್’ ಇರುತ್ತದೆ. 0 ಬಂದರೆ ಸರಿ. 10 ಅಂದರೆ ಅವಧಿ ಮುಗಿದಿದೆ. 18 ಅಂದರೆ ತಾನೇ ಸಹಿ ಹಾಕಿಕೊಂಡ ಸರ್ಟಿಫಿಕೇಟ್. 20 ಅಥವಾ 21 ಬಂದರೆ ಹೆಚ್ಚಾಗಿ ನಡುವಿನ ಸರ್ಟಿಫಿಕೇಟ್ ಸಿಗುತ್ತಿಲ್ಲ (ಅದೇನು ಅಂತ ಮುಂದೆ ಹೇಳುತ್ತೇನೆ). ಒಂದು ಎಚ್ಚರಿಕೆ: ಹೀಗೆ ಓಡಿಸಿದರೆ ಇದು ಡೊಮೇನ್ ಹೆಸರು ಹೊಂದುತ್ತದಾ ಅಂತ ತಾನಾಗಿ ಪರೀಕ್ಷಿಸುವುದಿಲ್ಲ. ಅದನ್ನು ನೀವೇ ನೋಡಬೇಕು.

ಹೆಸರಿನ ವಿಷಯ ಬೇಗ ಮುಗಿಸಿಬಿಡೋಣ. 2017ರಲ್ಲಿ ಬಂದ ಕ್ರೋಮ್ 58ರಿಂದ ಈಚೆಗೆ ‘ಕಾಮನ್ ನೇಮ್’ ಅನ್ನುವ ಜಾಗದಲ್ಲಿ ಬರೆದ ಹೆಸರನ್ನು ಆ ಬ್ರೌಸರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ ಪಟ್ಟಿಯಲ್ಲಿ ಇರಬೇಕು. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರು ಬೇರೆ, ಇಲ್ಲದ ಹೆಸರು ಬೇರೆ, ಎರಡನ್ನೂ ಪಟ್ಟಿಗೆ ಸೇರಿಸಿ. ನಕ್ಷತ್ರ ಹಾಕಿದ ವೈಲ್ಡ್‌ಕಾರ್ಡ್ ಒಂದೇ ಮೆಟ್ಟಿಲಿಗೆ ಸಾಲುತ್ತದೆ. ‘ಬುಕಿಂಗ್ ಡಾಟ್ ಡೊಮೇನ್’ಗೆ ಆಗುತ್ತದೆ, ‘ಟೆಸ್ಟ್ ಡಾಟ್ ಬುಕಿಂಗ್ ಡಾಟ್ ಡೊಮೇನ್’ಗೆ ಆಗುವುದಿಲ್ಲ. ಬರೀ ಡೊಮೇನಿಗೂ ಆಗುವುದಿಲ್ಲ, ಅದನ್ನು ಬೇರೆಯಾಗಿ ಸೇರಿಸಬೇಕು.

“ನನ್ನ ಲ್ಯಾಪ್‌ಟಾಪಲ್ಲಿ ಬರ್ತದೆ, ಗೆಸ್ಟ್ ಮೊಬೈಲಲ್ಲಿ ಬರಲ್ಲ”

ತೀರ್ಥಹಳ್ಳಿ ಕಡೆಯ ಹೋಂಸ್ಟೇ ಒಂದರಿಂದ ಬಂದ ಫೋನ್ ಹೀಗಿತ್ತು: “ಎಂಥ ಮಾರಾಯ್ರೆ, ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಬರ್ತದೆ. ಬೆಂಗಳೂರಿಂದ ಬುಕ್ ಮಾಡೋರಿಗೆ ಬರಲ್ವಂತೆ. ಅವರ ಫೋನೇ ಸರಿ ಇಲ್ಲ ಅಲ್ವಾ?” ಫೋನ್ ಸರಿಯಾಗೇ ಇತ್ತು. ‘ಒಬ್ಬರಿಗೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ’ ಅನ್ನುವ ದೂರು ಬಂದರೆ ನಾನು ಮೊದಲು ನೋಡುವುದು ನಡುವಿನ ಸರ್ಟಿಫಿಕೇಟನ್ನು.

ನಿಮ್ಮ ಸರ್ಟಿಫಿಕೇಟಿಗೆ ಸಹಿ ಹಾಕುವುದು ರೂಟ್ (ಸಾಧನಗಳು ಮೊದಲೇ ನಂಬಿರುವ ಮೂಲ ಸರ್ಟಿಫಿಕೇಟ್) ಅಲ್ಲ. ರೂಟ್ ಸಹಿ ಹಾಕಿದ ನಡುವಿನ ಸರ್ಟಿಫಿಕೇಟ್ ಒಂದಿರುತ್ತದೆ, ನಿಮ್ಮದಕ್ಕೆ ಸಹಿ ಹಾಕುವುದು ಅದು. ನೋಡುವವರ ಸಾಧನದಲ್ಲಿ ರೂಟ್ ಇರುತ್ತದೆ. ನಡುವಿನದನ್ನು ಸರ್ವರೇ ಕೊಡಬೇಕು. ಜಮೀನು ಸಾಲಕ್ಕೆ ಹೋದಾಗ ನಡುವಿನ ಕ್ರಯಪತ್ರ ಒಂದು ಬಿಟ್ಟುಹೋದರೆ ಬ್ಯಾಂಕಿನವರು ಒಪ್ಪುವುದಿಲ್ಲವಲ್ಲ, ಇದೂ ಹಾಗೇ. ಆದರೆ ಎಲ್ಲ ಸಾಧನಗಳೂ ಅಷ್ಟು ಕಟ್ಟುನಿಟ್ಟಲ್ಲ, ಗೊಂದಲ ಹುಟ್ಟುವುದು ಇಲ್ಲೇ. ಫೈರ್‌ಫಾಕ್ಸ್ ತುಂಬಾ ನಡುವಿನ ಸರ್ಟಿಫಿಕೇಟ್‌ಗಳನ್ನು ಮೊದಲೇ ತಂದಿಟ್ಟುಕೊಂಡಿರುತ್ತದೆ. ಡೆಸ್ಕ್‌ಟಾಪಿನ ಕೆಲವು ಬ್ರೌಸರ್‌ಗಳು ಸರ್ಟಿಫಿಕೇಟಿನ ಒಳಗೇ ಬರೆದಿರುವ ವಿಳಾಸಕ್ಕೆ ಹೋಗಿ ಕಾಣೆಯಾದದ್ದನ್ನು ತಂದುಕೊಳ್ಳುತ್ತವೆ. ಆಂಡ್ರಾಯ್ಡ್ ಆ್ಯಪ್‌ಗಳು, ಕರ್ಲ್, ಜಾವಾ ಪ್ರೋಗ್ರಾಂಗಳು, ಹಣ ಪಾವತಿಯ ಸರ್ವರ್‌ಗಳು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಹಾಗಾಗಿ ಮಾಲೀಕರಿಗೆ ಸರಿಯಾಗಿ ಕಾಣುತ್ತದೆ, ಬುಕಿಂಗ್ ಮಾತ್ರ ನಿಂತಿರುತ್ತದೆ.

ಸರಿಪಡಿಸುವುದು ಸುಲಭ. ಸರ್ಟ್‌ಬಾಟ್ ‘ಲೈವ್’ ಫೋಲ್ಡರಿನಲ್ಲಿ ನಾಲ್ಕು ಪೆಮ್ ಫೈಲ್ ಇಡುತ್ತದೆ: ‘ಸರ್ಟ್’, ‘ಚೈನ್’, ‘ಫುಲ್‌ಚೈನ್’, ‘ಪ್ರೈವ್‌ಕೀ’. ಎಂಜಿನ್‌ಎಕ್ಸ್‌ನ ‘ಎಸ್‌ಎಸ್‌ಎಲ್ ಸರ್ಟಿಫಿಕೇಟ್’ ಸಾಲಿಗೆ ‘ಸರ್ಟ್’ ಕೊಟ್ಟಿದ್ದರೆ ತೆಗೆದು ‘ಫುಲ್‌ಚೈನ್’ ಕೊಡಿ. ಅಪಾಚೆ 2.4.8ರಿಂದ ಈಚೆಗೆ ಅಲ್ಲೂ ಹೀಗೇ ಮಾಡಬಹುದು, ಚೈನಿಗೆ ಬೇರೆ ಸಾಲು ಬೇಡ.

ಹಣ ಕೊಟ್ಟು ತಂದ ಸರ್ಟಿಫಿಕೇಟ್ ಆದರೆ ಚೈನನ್ನು ನೀವೇ ಜೋಡಿಸಬೇಕಾಗಬಹುದು. ಆಗ ಎರಡು ವಿಷಯ ಗಮನಿಸಿ. ನಿಮ್ಮ ಸರ್ಟಿಫಿಕೇಟ್ ಮೊದಲು ಬರಬೇಕು, ನಡುವಿನದು ಆಮೇಲೆ. ಕ್ರಮ ತಿರುಗಿದರೆ ಎಂಜಿನ್‌ಎಕ್ಸ್ ಚೈನಿನ ಬಗ್ಗೆ ಏನೂ ಹೇಳುವುದಿಲ್ಲ, ‘ಕೀ ಹೊಂದುತ್ತಿಲ್ಲ’ ಅನ್ನುತ್ತದೆ. ಫೈಲಿನ ಮೊದಲ ಸರ್ಟಿಫಿಕೇಟನ್ನೇ ಅದು ಕೀ ಜೊತೆ ಹೋಲಿಸುವುದು. ಆ ಮಾತು ನಂಬಿ ಕೀ ಬದಲಿಸಲು ಹೋಗಬೇಡಿ. ಎರಡನೆಯದು, ಒಂದರ ಹಿಂದೆ ಒಂದು ಅಂಟಿಸುವಾಗ ನಡುವೆ ಹೊಸ ಸಾಲು ಬಿದ್ದಿದೆಯಾ ನೋಡಿ. ಪೆಮ್ ಫೈಲಿನ ಪ್ರತಿ ಭಾಗವೂ ಐದು ಅಡ್ಡಗೆರೆ, ‘ಬಿಗಿನ್ ಸರ್ಟಿಫಿಕೇಟ್’, ಮತ್ತೆ ಐದು ಅಡ್ಡಗೆರೆ ಅಂತ ಶುರುವಾಗಿ, ‘ಎಂಡ್ ಸರ್ಟಿಫಿಕೇಟ್’ ಅಂತ ಅದೇ ರೀತಿ ಮುಗಿಯುತ್ತದೆ. ಮೊದಲ ಫೈಲಿನ ಕೊನೆಯಲ್ಲಿ ಹೊಸ ಸಾಲು ಇಲ್ಲದಿದ್ದರೆ ಮುಗಿಯುವ ಸಾಲಿಗೇ ಮುಂದಿನದು ಅಂಟಿಕೊಂಡು ನಡುವೆ ಹತ್ತು ಅಡ್ಡಗೆರೆ ಒತ್ತೊತ್ತಾಗಿ ಕಾಣುತ್ತವೆ. ಓಪನ್‌ಎಸ್‌ಎಸ್‌ಎಲ್ ಆಗ ‘ಬ್ಯಾಡ್ ಎಂಡ್ ಲೈನ್’ ಅನ್ನುತ್ತದೆ. ನಡುವೆ ಒಂದು ಎಂಟರ್ ಒತ್ತಿ ಸೇವ್ ಮಾಡಿದರೆ ಸರಿ.

‘ನೋ ಸ್ಟಾರ್ಟ್ ಲೈನ್’ ಅಂತ ಬಂದರೆ ಫೈಲಿನ ಶುರುವಿನ ಸಾಲೇ ಕೆಟ್ಟಿದೆ. ಮೇಲ್ ಅಥವಾ ವರ್ಡ್ ಫೈಲಿನಿಂದ ಕಾಪಿ ಮಾಡಿದಾಗ ಐದು ಸಣ್ಣ ಅಡ್ಡಗೆರೆ ಸೇರಿ ಉದ್ದ ಗೆರೆಗಳಾಗಿಬಿಡುತ್ತವೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಾಲನ್ನು ಪೂರ್ತಿ ಅಳಿಸಿ ಕೈಯಲ್ಲೇ ಟೈಪ್ ಮಾಡಿ.

ಚೈನ್ ಸರಿ ಇದ್ದರೂ ತೀರಾ ಹಳೆಯ ಫೋನಿಗೆ ಬರದಿರಬಹುದು. ಹಳ್ಳಿಗಳಲ್ಲಿ ಅಂಥ ಫೋನ್ ಇನ್ನೂ ಇವೆ. ಲೆಟ್ಸ್ ಎನ್‌ಕ್ರಿಪ್ಟ್‌ನ ರೂಟ್ ಆದ ‘ಐಎಸ್‌ಆರ್‌ಜಿ ರೂಟ್ ಎಕ್ಸ್1’ ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನ ಫೋನ್‌ಗಳಲ್ಲಿ ಇಲ್ಲ. ಹಳೆಯ ರೂಟ್ ‘ಡಿಎಸ್‌ಟಿ ರೂಟ್ ಸಿಎ ಎಕ್ಸ್3’ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅದರ ಮೂಲಕ ಹಳೆಯ ಫೋನ್‌ಗಳನ್ನು ನಡೆಸಿಕೊಂಡು ಬಂದಿದ್ದ ಅಡ್ಡ ಸಹಿಯ ಅವಧಿಯೂ 2024ರ ಸೆಪ್ಟೆಂಬರ್ ಕೊನೆಗೆ ಮುಗಿಯಿತು. ಸಂಘದ ಸದಸ್ಯರು ಇಂಥ ಫೋನಿನಲ್ಲೇ ಅಡಿಕೆ ಧಾರಣೆ ನೋಡುತ್ತಿದ್ದರೆ, ಆ ಫೋನಿಗೆ ಫೈರ್‌ಫಾಕ್ಸ್ ಸಿಗುವುದಾದರೆ ಹಾಕಿಕೊಳ್ಳಲು ಹೇಳಿ. ಅದು ತನ್ನದೇ ರೂಟ್ ಪಟ್ಟಿ ಇಟ್ಟುಕೊಂಡಿರುತ್ತದೆ. ಸರ್ವರಿನಲ್ಲಿ ಮಾಡಬೇಕಾದದ್ದು ಏನೂ ಇಲ್ಲ.

ಕೀ ಹೊಂದುತ್ತಿಲ್ಲ

ಕ್ರಮ ಸರಿ ಇದ್ದೂ ‘ಕೀ ವ್ಯಾಲ್ಯೂಸ್ ಮಿಸ್‌ಮ್ಯಾಚ್’ ಅಂತ ಬಂದರೆ ಆಗ ಕೀ ಕಡೆ ನೋಡಿ. ಅಪಾಚೆಯಾದರೆ ಎರರ್ ಲಾಗಿನಲ್ಲಿ ‘ಎಎಚ್02565’ ಅನ್ನುವ ಸಂಖ್ಯೆ ಇರುತ್ತದೆ.

ಹಳೆಯ ಬರಹಗಳಲ್ಲಿ ಕೀ ಮತ್ತು ಸರ್ಟಿಫಿಕೇಟಿನ ‘ಮಾಡ್ಯುಲಸ್’ ತೆಗೆದು ಹೋಲಿಸಿ ಅಂತ ಇರುತ್ತದೆ. ಅದು ಆರ್‌ಎಸ್‌ಎ ಕೀಗೆ ಮಾತ್ರ ಸರಿ. 2022ರ ಕೊನೆಗೆ ಬಂದ ಸರ್ಟ್‌ಬಾಟ್ 2.0ರಿಂದ ಹೊಸ ಕೀಗಳು ಇಸಿಡಿಎಸ್‌ಎ ಅನ್ನುವ ಬೇರೆ ಬಗೆಯವು, ಅವುಗಳಲ್ಲಿ ಮಾಡ್ಯುಲಸ್ ಅನ್ನುವುದೇ ಇಲ್ಲ. ಎರಡಕ್ಕೂ ಆಗುವ ದಾರಿ ಪಬ್ಲಿಕ್ ಕೀ (ಕೀ ಜೋಡಿಯ ಬಹಿರಂಗ ಭಾಗ) ತೆಗೆದು ಹೋಲಿಸುವುದು. ಸರ್ಟಿಫಿಕೇಟಿನಿಂದ ತೆಗೆಯಲು ‘ಓಪನ್‌ಎಸ್‌ಎಸ್‌ಎಲ್ ಎಕ್ಸ್509’ಗೆ ‘ನೋಔಟ್’, ‘ಪಬ್‌ಕೀ’ ಆಯ್ಕೆ ಕೊಡಿ. ಕೀಯಿಂದ ತೆಗೆಯಲು ‘ಓಪನ್‌ಎಸ್‌ಎಸ್‌ಎಲ್ ಪಿಕೀ’ಗೆ ‘ಪಬ್‌ಔಟ್’ ಕೊಡಿ. ಎರಡೂ ಒಂದೇ ಅಕ್ಷರಗಳನ್ನು ತೋರಿಸಿದರೆ ಜೋಡಿ ಸರಿ. ಉದ್ದ ಇದೆ ಅನ್ನಿಸಿದರೆ ಎರಡನ್ನೂ ‘ಶಾ256ಸಮ್’ಗೆ ಕೊಟ್ಟು ನೋಡಿ.

ಹೊಂದದಿರಲು ಸಾಮಾನ್ಯ ಕಾರಣ ಅರ್ಜಿಯನ್ನು ಎರಡು ಸಲ ಮಾಡಿರುವುದು. ಸಿಎಸ್‌ಆರ್, ಅಂದರೆ ಸರ್ಟಿಫಿಕೇಟಿಗೆ ಹಾಕುವ ಆ ಅರ್ಜಿಯ ಜೊತೆ ಕೀ ಕೂಡ ಹುಟ್ಟುತ್ತದೆ. ಮೊದಲ ಸಿಎಸ್‌ಆರ್ ಕಳಿಸಿದ ಮೇಲೆ ಅದೇ ಕಮಾಂಡ್ ಇನ್ನೊಮ್ಮೆ ಓಡಿಸಿದರೆ ಹಳೆಯ ಕೀ ಮೇಲೆ ಹೊಸ ಕೀ ಬರೆದುಹೋಗುತ್ತದೆ. ಸರ್ಟಿಫಿಕೇಟ್ ಬರುವುದು ಮೊದಲ ಕೀಗೆ. ‘ಕಂಪನಿಯವರ ಹತ್ತಿರ ಹಳೆಯ ಕೀ ಕೇಳಿ ತರೋಣ’ ಅನ್ನುವವರಿದ್ದಾರೆ. ಅದು ಅವರ ಬಳಿ ಇರುವುದಿಲ್ಲ, ಇರಲೂಬಾರದು. ಈಗಿರುವ ಕೀಯಿಂದ ಹೊಸ ಸಿಎಸ್‌ಆರ್ ಮಾಡಿ ಮರುವಿತರಣೆ ಕೇಳಿ.

ಕೀ ಫೈಲಿಗೆ ‘ಪರ್ಮಿಷನ್ ಡಿನೈಡ್’ ಬಂದಾಗ 777 ಕೊಟ್ಟುಬಿಡುವುದನ್ನು ಎಷ್ಟೋ ಕಡೆ ನೋಡುತ್ತೇನೆ, ಬೇಸರವಾಗುತ್ತದೆ. ಆ ಮಷಿನ್ನಿನ ಮೇಲೆ ಇರುವ ಯಾರು ಬೇಕಾದರೂ ಆಮೇಲೆ ಕೀ ಓದಬಹುದು. ಎಂಜಿನ್‌ಎಕ್ಸ್‌ನ ಮುಖ್ಯ ಪ್ರೊಸೆಸ್ ರೂಟ್ (ಇಲ್ಲಿ ಸರ್ಟಿಫಿಕೇಟ್ ಅಲ್ಲ, ಮಷಿನ್ನಿನ ಅಡ್ಮಿನ್) ಆಗಿ ಓಡಿ ಕೀ ಓದಿಕೊಳ್ಳುತ್ತದೆ. ಹಾಗಾಗಿ ಫೈಲ್ ರೂಟ್ ಹೆಸರಲ್ಲಿ 600 (ಮಾಲೀಕರಿಗೆ ಮಾತ್ರ ಓದಲು, ಬರೆಯಲು ಅನುಮತಿ) ಇದ್ದರೆ ಸಾಕು. ಕಾನ್ಫಿಗ್ ಪರೀಕ್ಷೆಯನ್ನು ಸೂಡೊ (ಅಡ್ಮಿನ್ ಅಧಿಕಾರ) ಇಲ್ಲದೆ ಓಡಿಸಿದರೂ ಇದೇ ಎರರ್ ಬರುತ್ತದೆ. ಅಲ್ಲಿ ದೋಷವೇ ಇಲ್ಲ, ಸೂಡೊ ಹಾಕಿ ಓಡಿಸಿ. ರೆಡ್ ಹ್ಯಾಟ್ ಬಳಗದ ಲಿನಕ್ಸ್ ಆದರೆ ಪರ್ಮಿಷನ್ ಸರಿ ಇದ್ದೂ ಎಸ್‌ಇಲಿನಕ್ಸ್ ಅನ್ನುವ ಭದ್ರತಾ ವ್ಯವಸ್ಥೆ ತಡೆಯಬಹುದು. ಹೋಂ ಫೋಲ್ಡರಿನಿಂದ ‘ಎಂವಿ’ ಮಾಡಿ ತಂದ ಫೈಲಿಗೆ ಹಳೆಯ ಲೇಬಲ್ ಅಂಟಿಕೊಂಡೇ ಬರುತ್ತದೆ. ಫೈಲ್ ‘ಇಟಿಸಿ’ಯ ಕೆಳಗಿನ ಸರಿಯಾದ ಜಾಗದಲ್ಲಿದ್ದರೆ ‘ರಿಸ್ಟೋರ್‌ಕಾನ್’ ಒಮ್ಮೆ ಓಡಿಸಿದರೆ ಹೋಗುತ್ತದೆ.

ಕೀಯನ್ನು ಯಾರಾದರೂ ವಾಟ್ಸಾಪ್ ಗುಂಪಿಗೆ ಹಾಕಿದ್ದರೆ, ಸೈಟಿನ ಫೋಲ್ಡರಿನಲ್ಲೇ ಇಟ್ಟಿದ್ದರೆ, ಆ ಕೀ ಮುಗಿಯಿತು. ಹೊಸ ಕೀ, ಹೊಸ ಸರ್ಟಿಫಿಕೇಟ್ ಮಾಡಿ, ಹಳೆಯದನ್ನು ರದ್ದು ಮಾಡಿಸಿ. ‘ಗುಂಪಲ್ಲಿ ನಮ್ಮೋರೇ ಇರೋದು’ ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಕರೆಂಟ್ ಹೋಗಿ ಬಂದ ಮೇಲೆ

ಸರ್ವರ್ ಎದ್ದಿದೆ, ಪಿಂಗ್ ಬರುತ್ತಿದೆ, 443 ಮಾತ್ರ ತೆರೆದಿಲ್ಲ. ಹೀಗಿದ್ದರೆ ಕೀ ಫೈಲಿನ ಮೊದಲ ಸಾಲುಗಳನ್ನು ನೋಡಿ. ‘ಎನ್‌ಕ್ರಿಪ್ಟೆಡ್’ ಅನ್ನುವ ಪದ ಇದ್ದರೆ ಕೀಗೆ ಪಾಸ್‌ವರ್ಡ್ ಇದೆ. ಹಾಕಿದವರು ಶುರುವಿನಲ್ಲಿ ಕೈಯಿಂದ ಪಾಸ್‌ವರ್ಡ್ ಕೊಟ್ಟಿರುತ್ತಾರೆ, ಆಮೇಲೆ ಸರ್ವರ್ ಆಫ್ ಆಗದೆ ತಿಂಗಳುಗಟ್ಟಲೆ ಓಡಿರುತ್ತದೆ. ಮೊದಲ ದೊಡ್ಡ ಮಳೆಗೆ ವಿಷಯ ಹೊರಬೀಳುತ್ತದೆ. ಎಂಜಿನ್‌ಎಕ್ಸ್‌ನಲ್ಲಿ ‘ಎಸ್‌ಎಸ್‌ಎಲ್ ಪಾಸ್‌ವರ್ಡ್ ಫೈಲ್’ ಅನ್ನುವ ಸಾಲು ಇದೆ, ಅಪಾಚೆಯಲ್ಲಿ ‘ಎಸ್‌ಎಸ್‌ಎಲ್ ಪಾಸ್‌ಫ್ರೇಸ್ ಡೈಲಾಗ್’ ಇದೆ. ಒಂದು ಮಾತು: ಪಾಸ್‌ವರ್ಡನ್ನು ಅದೇ ಡಿಸ್ಕಿನಲ್ಲಿ ಬರೆದಿಟ್ಟರೆ ರಕ್ಷಣೆ ಅಷ್ಟೇನೂ ಹೆಚ್ಚುವುದಿಲ್ಲ. ಒಬ್ಬರೇ ನೋಡಿಕೊಳ್ಳುವ ಸಣ್ಣ ಸರ್ವರಿಗೆ ಪಾಸ್‌ವರ್ಡ್ ಇಲ್ಲದ ಕೀ, ಬಿಗಿಯಾದ ಪರ್ಮಿಷನ್ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಗಡಿಯಾರ. ಇಲ್ಲಿ ತುಂಬಾ ಜನ ತಪ್ಪು ತಿಳಿದುಕೊಳ್ಳುತ್ತಾರೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಸರ್ವರಿನ ದಿನಾಂಕ ಎಷ್ಟೋ ವರ್ಷ ಹಿಂದೆ ಹೋಗುತ್ತದೆ. ರಾಸ್ಪ್‌ಬೆರಿ ಪೈ 4 ಮತ್ತು ಅದಕ್ಕಿಂತ ಹಿಂದಿನವುಗಳಲ್ಲಿ ಗಡಿಯಾರದ ಚಿಪ್ಪೇ ಇಲ್ಲ, ಇಂಟರ್‌ನೆಟ್ ಸಿಗುವವರೆಗೆ ಕೊನೆಗೆ ಉಳಿಸಿದ್ದ ಸಮಯದಲ್ಲೇ ಇರುತ್ತವೆ. ಆದರೆ ಸರ್ವರಿನ ದಿನಾಂಕ ತಪ್ಪಾಗಿದೆ ಅಂತ ನೋಡುವವರ ಬ್ರೌಸರಿನಲ್ಲಿ ಎರರ್ ಬರುವುದಿಲ್ಲ. ಬ್ರೌಸರ್ ಅವಧಿಯನ್ನು ತನ್ನ ಗಡಿಯಾರದ ಪ್ರಕಾರ ನೋಡುತ್ತದೆ. ಒಬ್ಬರಿಗೆ ಮಾತ್ರ ‘ದಿನಾಂಕ ಸರಿಯಿಲ್ಲ’ ಅಂತ ಬಂದರೆ ಅವರ ಫೋನಿನ ದಿನಾಂಕ ನೋಡಿ.

ಸರ್ವರಿನ ತಪ್ಪು ಗಡಿಯಾರ ಹಾಳು ಮಾಡುವುದು ಸರ್ವರ್ ತಾನಾಗಿ ಹೊರಗೆ ಹೋಗಿ ಮಾಡುವ ಕೆಲಸಗಳನ್ನು. ಎಸ್‌ಎಂಎಸ್ ಕಳಿಸುವುದು, ಪಾವತಿ ಖಚಿತಪಡಿಸಿಕೊಳ್ಳುವುದು, ಸರ್ಟ್‌ಬಾಟ್ ಲೆಟ್ಸ್ ಎನ್‌ಕ್ರಿಪ್ಟ್ ಜೊತೆ ಮಾತಾಡುವುದು. ಆ ಕಡೆಯ ಸರ್ಟಿಫಿಕೇಟ್ ‘ಇನ್ನೂ ಶುರುವಾಗಿಲ್ಲ’ ಅಂತ ಸರ್ವರಿಗೆ ಕಾಣುತ್ತದೆ. ಇನ್ನೂ ಕೆಟ್ಟದ್ದೆಂದರೆ, ಹಿಂದೆ ಹೋದ ಗಡಿಯಾರದ ಪ್ರಕಾರ ನಿಮ್ಮ ಸರ್ಟಿಫಿಕೇಟಿಗೆ ಬೇಕಾದಷ್ಟು ದಿನ ಬಾಕಿ ಇದೆ. ಹಾಗಾಗಿ ಸರ್ಟ್‌ಬಾಟ್ ಸುಮ್ಮನಿರುತ್ತದೆ, ಎರರ್ ಕೂಡ ಬರುವುದಿಲ್ಲ. ‘ಟೈಮ್‌ಡೇಟ್‌ಸಿಟಿಎಲ್’ ಓಡಿಸಿ, ‘ಸಿಸ್ಟಂ ಕ್ಲಾಕ್ ಸಿಂಕ್ರೊನೈಸ್ಡ್’ ಎದುರು ‘ಯೆಸ್’ ಇದೆಯಾ ನೋಡಿ. ‘ನೋ’ ಇದ್ದರೆ ಫೈರ್‌ವಾಲಿನಲ್ಲಿ ಯುಡಿಪಿ 123 ಪೋರ್ಟ್ ಹೊರಗೆ ಹೋಗಲು ಬಿಟ್ಟಿದೆಯಾ ಪರೀಕ್ಷಿಸಿ. ಸೆಲ್ ಕೂಡ ಬದಲಿಸಿ, ದುಡ್ಡು ಹೆಚ್ಚೇನಲ್ಲ.

ಮೇ ತಿಂಗಳಲ್ಲೇ ಒಂದು ದಿನ ಹೇಳಿ ಕೇಳಿ ಸರ್ವರನ್ನು ಆಫ್ ಮಾಡಿ, ವೈರ್ ಕಿತ್ತು, ಹತ್ತು ನಿಮಿಷ ಬಿಟ್ಟು ಆನ್ ಮಾಡಿ. ಯಾರೂ ಮುಟ್ಟದೆ ಸೈಟ್ ತಾನಾಗಿ ಬಂದರೆ ಸರಿ. ಬರದಿದ್ದರೆ ರಿಪೇರಿ ಮಾಡಲು ಬಿಸಿಲಿನ ದಿನಗಳು ಇವೆ. ಜುಲೈಯಲ್ಲಿ ಆಗುಂಬೆ ಕಡೆ ರಸ್ತೆಯಲ್ಲಿ ಹೋಗಿ ಮಾಡುವುದಕ್ಕಿಂತ ಎಷ್ಟೋ ಮೇಲು.

ನವೀಕರಣ ಆಗುತ್ತಿಲ್ಲ

ಡೊಮೇನ್ ನಿಮ್ಮದೇ ಅಂತ ತೋರಿಸಲು ಸರ್ಟ್‌ಬಾಟ್ ಹೆಚ್ಚಾಗಿ ಎಚ್‌ಟಿಟಿಪಿ ವಿಧಾನ ಬಳಸುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್‌ನ ಕಂಪ್ಯೂಟರ್‌ಗಳು 80ನೇ ಪೋರ್ಟಿಗೆ ಬಂದು, ‘ವೆಲ್-ನೋನ್’ ಫೋಲ್ಡರಿನ ಒಳಗೆ ಒಂದು ಸಣ್ಣ ಫೈಲ್ ಓದಿ ಹೋಗುತ್ತವೆ. ‘ನಮ್ಮದು ಬರೀ ಎಚ್‌ಟಿಟಿಪಿಎಸ್’ ಅಂತ 80 ಮುಚ್ಚಿದರೆ ಈ ವಿಧಾನ ನಡೆಯುವುದಿಲ್ಲ. 80 ತೆರೆದೇ ಇಟ್ಟು 443ಕ್ಕೆ ರೀಡೈರೆಕ್ಟ್ ಮಾಡಿ.

ಆಫೀಸಿನಲ್ಲೇ ಸರ್ವರ್ ಇದ್ದರೆ ಮೊದಲು ರೂಟರಿನ ಹೊರಗಿನ ಐಪಿ ನೋಡಿ. ಅದು 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಒಂದೇ ಸಾರ್ವಜನಿಕ ಐಪಿಯನ್ನು ಎಷ್ಟೋ ಮನೆಗಳಿಗೆ ಹಂಚುವ ವ್ಯವಸ್ಥೆ ಇದು. ಹೊರಗಿನಿಂದ ಯಾರೂ ಐಪಿವಿ4ನಲ್ಲಿ ನಿಮ್ಮ ಸರ್ವರಿಗೆ ನೇರ ಬರಲಾರರು. ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ಪ್ರಯೋಜನ ಇಲ್ಲ. ಕನೆಕ್ಷನ್ ಬದಲಿಸಿದಾಗ ಅಥವಾ ಪ್ಲಾನ್ ಬದಲಿಸಿದಾಗ ಹೇಳದೆ ಕೇಳದೆ ಹೀಗಾಗಿರುತ್ತದೆ. ಸ್ಟ್ಯಾಟಿಕ್ ಐಪಿ ಕೊಳ್ಳಿ, ಇಲ್ಲವೇ ಸೈಟನ್ನು ಕ್ಲೌಡಿಗೆ ಸಾಗಿಸಿ. ಸರ್ಟಿಫಿಕೇಟ್ ಮಾತ್ರ ಬೇಕಿದ್ದರೆ ಡಿಎನ್‌ಎಸ್ (ಡೊಮೇನ್ ಹೆಸರಿನ ದಾಖಲೆಗಳ) ವಿಧಾನ ಇದೆ. ಅದಕ್ಕೆ ಯಾವ ಪೋರ್ಟೂ ತೆರೆಯಬೇಕಿಲ್ಲ. ವೈಲ್ಡ್‌ಕಾರ್ಡಿಗಂತೂ ಅದೊಂದೇ ದಾರಿ.

ಡಿಎನ್‌ಎಸ್ ವಿಧಾನದಲ್ಲಿ ‘ಅಂಡರ್‌ಸ್ಕೋರ್ ಆಕ್ಮೆ-ಚಾಲೆಂಜ್’ ಅನ್ನುವ ಹೆಸರಿಗೆ ಟಿಎಕ್ಸ್‌ಟಿ ದಾಖಲೆ ಹಾಕಬೇಕು. ಎಷ್ಟೋ ಕಂಟ್ರೋಲ್ ಪ್ಯಾನೆಲ್‌ಗಳು ನೀವು ಬರೆದ ಹೆಸರಿನ ಕೊನೆಗೆ ತಾವೇ ಡೊಮೇನ್ ಸೇರಿಸುತ್ತವೆ. ನೀವು ಪೂರ್ತಿ ಹೆಸರು ಬರೆದರೆ ಡೊಮೇನ್ ಎರಡು ಸಲ ಬಂದು ದಾಖಲೆ ಬೇರೆಲ್ಲೋ ಹೋಗಿ ಕೂರುತ್ತದೆ. ‘ಡಿಗ್’ ಕಮಾಂಡಿನಲ್ಲಿ ಆ ಹೆಸರು ಕೇಳಿ, ಉತ್ತರ ಬಂದ ಮೇಲೆ ಮಾತ್ರ ಸರ್ಟ್‌ಬಾಟಿಗೆ ಮುಂದೆ ಹೋಗಲು ಹೇಳಿ.

ಇನ್ನೂ ಎರಡು ಕಾರಣ ಪದೇ ಪದೇ ಸಿಗುತ್ತವೆ. ಡೊಮೇನಿಗೆ ಹಳೆಯ ಐಪಿವಿ6 ವಿಳಾಸ, ಅಂದರೆ ‘ಕ್ವಾಡ್-ಎ’ ದಾಖಲೆ, ಉಳಿದಿರುವುದು ಒಂದು. ಸರ್ವರ್ ಬದಲಿಸಿದಾಗ ಐಪಿವಿ4 ಮಾತ್ರ ಬದಲಿಸಿ ಇದನ್ನು ಮರೆತಿರುತ್ತಾರೆ. ಲೆಟ್ಸ್ ಎನ್‌ಕ್ರಿಪ್ಟ್ ಐಪಿವಿ6 ಇದ್ದರೆ ಅದಕ್ಕೇ ಮೊದಲು ಹೋಗುತ್ತದೆ, ಹಳೆಯ ಮಷಿನ್ ಕೊಟ್ಟ ತಪ್ಪು ಉತ್ತರ ಓದಿ ಬರುತ್ತದೆ. ನಿಮ್ಮ ಬ್ರಾಡ್‌ಬ್ಯಾಂಡಿನಲ್ಲಿ ಐಪಿವಿ6 ಇಲ್ಲದಿದ್ದರೆ ನಿಮಗೆ ಸೈಟ್ ಸರಿಯಾಗೇ ಕಾಣುತ್ತದೆ, ಮೊಬೈಲ್ ಡೇಟಾದವರಿಗೆ ಹಳೆಯ ಸರ್ಟಿಫಿಕೇಟ್ ಕಾಣುತ್ತದೆ.

ಇನ್ನೊಂದು, ಫೈರ್‌ವಾಲಿನಲ್ಲಿ ‘ಭಾರತದವರು ಮಾತ್ರ’ ಅನ್ನುವ ನಿಯಮ. ಸಂಘದ ಸೈಟಿಗೆ ಹೊರದೇಶದವರು ಯಾಕೆ ಬರಬೇಕು ಅಂತ ಒಳ್ಳೆಯ ಮನಸ್ಸಿನಿಂದಲೇ ಹಾಕಿರುತ್ತಾರೆ. 2020ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಒಂದಕ್ಕಿಂತ ಹೆಚ್ಚು ಜಾಗಗಳಿಂದ ಪರಿಶೀಲಿಸುತ್ತದೆ, ಯಾವ ಐಪಿಯಿಂದ ಬರುತ್ತೇವೆ ಅಂತ ಹೇಳುವುದಿಲ್ಲ. ಲಾಗಿನಲ್ಲಿ ‘ಸೆಕೆಂಡರಿ ವ್ಯಾಲಿಡೇಷನ್’ ಅನ್ನುವ ಮಾತು ಕಂಡರೆ ಮೊದಲು ಈ ನಿಯಮವನ್ನೇ ನೋಡಿ. 80ನೇ ಪೋರ್ಟಿಗೆ ಮಾತ್ರ ಸಡಿಲಿಸಿ, ಅಥವಾ ಡಿಎನ್‌ಎಸ್ ವಿಧಾನಕ್ಕೆ ಹೋಗಿ.

ನವೀಕರಣ ಆಗಿದೆ, ಆದರೂ ಹಳೆಯದೇ ಕಾಣುತ್ತಿದೆ

ಡಿಸ್ಕಿನಲ್ಲಿ ಹೊಸ ಸರ್ಟಿಫಿಕೇಟ್ ಇದೆ, ಹೊರಗಿನಿಂದ ನೋಡಿದರೆ ಹಳೆಯ ದಿನಾಂಕ. ಎಂಜಿನ್‌ಎಕ್ಸ್ ಶುರುವಾದಾಗ ಓದಿದ್ದನ್ನೇ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ಫೈಲ್ ಬದಲಾಗಿದ್ದು ಅದಕ್ಕೆ ಗೊತ್ತಿಲ್ಲ. ರೀಲೋಡ್ ಮಾಡಿ, ಸಾಕು. ಮುಂದೆ ಹೀಗಾಗದಂತೆ ಸರ್ಟ್‌ಬಾಟಿನ ‘ಡಿಪ್ಲಾಯ್-ಹುಕ್’ಗೆ ರೀಲೋಡ್ ಕಮಾಂಡ್ ಕೊಡಿ. ರೀಲೋಡ್ ಮಾಡಿಯೂ ಹಳೆಯದೇ ಬಂದರೆ, ಯಾರೋ ‘ಲೈವ್’ ಫೋಲ್ಡರಿನ ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿ ಕಾನ್ಫಿಗ್‌ನಲ್ಲಿ ಆ ದಾರಿ ಕೊಟ್ಟಿರಬೇಕು. ‘ಲೈವ್’ನಲ್ಲಿ ಇರುವುದು ಲಿಂಕ್‌ಗಳು, ಪ್ರತಿ ನವೀಕರಣಕ್ಕೂ ಹೊಸ ಫೈಲಿನ ಕಡೆ ತಿರುಗುತ್ತವೆ. ಕಾಪಿ ತಿರುಗುವುದಿಲ್ಲ.

ರೀಲೋಡ್ ಮಾಡುವಾಗ ‘ಎಸ್‌ಎಸ್‌ಎಲ್ ಸ್ಟೇಪ್ಲಿಂಗ್ ಇಗ್ನೋರ್ಡ್’ ಅನ್ನುವ ಎಚ್ಚರಿಕೆ ಕಂಡರೆ ಗಾಬರಿ ಬೇಡ. ಲೆಟ್ಸ್ ಎನ್‌ಕ್ರಿಪ್ಟ್ 2025ರಲ್ಲಿ ಒಸಿಎಸ್‌ಪಿ (ಸರ್ಟಿಫಿಕೇಟ್ ರದ್ದಾಗಿದೆಯಾ ಅಂತ ಕೇಳಿ ತಿಳಿಯುವ) ಸೇವೆ ನಿಲ್ಲಿಸಿತು, ಸರ್ಟಿಫಿಕೇಟಿನಲ್ಲಿ ಈಗ ಆ ವಿಳಾಸ ಇರುವುದಿಲ್ಲ. ಕಾನ್ಫಿಗ್‌ನಿಂದ ಸ್ಟೇಪ್ಲಿಂಗ್ ಸಾಲು ತೆಗೆದುಬಿಡಿ.

ಅವಧಿ ಮುಗಿಯುವ ಮೊದಲೇ ತಿಳಿಯಲು

ಮೊದಲೆಲ್ಲ ಅವಧಿ ಮುಗಿಯುವ ಮುಂಚೆ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಮೇಲ್ ಬರುತ್ತಿತ್ತು. 2025ರ ಜೂನ್‌ನಲ್ಲಿ ಅದು ನಿಂತಿತು. ಅದನ್ನೇ ನಂಬಿಕೊಂಡವರು ಇನ್ನೂ ಇದ್ದಾರೆ. ಹಣ ಕೊಟ್ಟು ತರುವವರಿಗೂ ವರ್ಷಕ್ಕೊಮ್ಮೆ ನೋಡಿದರಾಯಿತು ಅನ್ನುವ ಕಾಲ ಮುಗಿಯಿತು. ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳೂ ಬ್ರೌಸರ್ ಕಂಪನಿಗಳೂ ಸೇರಿದ ಸಿಎ ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ತೀರ್ಮಾನಿಸಿದಂತೆ, ಸರ್ಟಿಫಿಕೇಟಿನ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಕೈಯಲ್ಲಿ ಹಾಕುವುದನ್ನು ಈಗಲೇ ಬಿಟ್ಟು ತಾನಾಗಿ ನವೀಕರಣವಾಗುವಂತೆ ಮಾಡಿಕೊಳ್ಳಿ.

ಕಾವಲಿಗೆ ಒಂದು ಸಣ್ಣ ಸ್ಕ್ರಿಪ್ಟ್ ಸಾಕು. ಅದು ಡಿಸ್ಕಿನ ಫೈಲನ್ನು ಓದಬಾರದು. ಬೇರೆ ಮಷಿನ್ನಿನಿಂದ, ಬೇರೆ ಕನೆಕ್ಷನ್ನಿನಿಂದ, ಸರ್ವರ್ ಕೊಡುತ್ತಿರುವ ಸರ್ಟಿಫಿಕೇಟಿನ ಕೊನೆಯ ದಿನಾಂಕ ನೋಡಬೇಕು. ಐಪಿವಿ4 ಮತ್ತು ಐಪಿವಿ6 ಎರಡರಲ್ಲೂ ಒಮ್ಮೊಮ್ಮೆ ನೋಡಲಿ. ಓಪನ್‌ಎಸ್‌ಎಸ್‌ಎಲ್‌ನ ‘ಚೆಕ್‌ಎಂಡ್’ ಆಯ್ಕೆಗೆ ಸೆಕೆಂಡುಗಳಲ್ಲಿ ಅವಧಿ ಕೊಟ್ಟರೆ, ಅಷ್ಟರೊಳಗೆ ಮುಗಿಯುತ್ತದಾ ಇಲ್ಲವಾ ಅಂತ ಹೇಳುತ್ತದೆ. 20 ದಿನಕ್ಕೆ 17,28,000 ಸೆಕೆಂಡ್. ನಾನು 20 ದಿನಕ್ಕೇ ಎಚ್ಚರಿಕೆ ಇಡುವುದು. 90 ದಿನದ ಸರ್ಟಿಫಿಕೇಟನ್ನು ಸರ್ಟ್‌ಬಾಟ್ 30 ದಿನ ಬಾಕಿ ಇರುವಾಗಲೇ ನವೀಕರಿಸಲು ಶುರು ಮಾಡುತ್ತದೆ. 20ಕ್ಕೆ ಮೆಸೇಜ್ ಬಂತು ಅಂದರೆ ಹತ್ತು ದಿನದಿಂದ ನವೀಕರಣ ವಿಫಲವಾಗುತ್ತಿದೆ, ಅಥವಾ ಆಗಿದ್ದೂ ಸರ್ವರ್ ಹಳೆಯದನ್ನೇ ಕೊಡುತ್ತಿದೆ. ಎರಡರಲ್ಲಿ ಯಾವುದು ಅಂತ ಡಿಸ್ಕಿನ ಫೈಲಿನ ದಿನಾಂಕ ನೋಡಿದರೆ ತಿಳಿಯುತ್ತದೆ. ಸರಿಪಡಿಸಲು ಇನ್ನೂ 20 ದಿನ ಕೈಯಲ್ಲಿರುತ್ತದೆ.